ಭಕ್ತಿಪ್ರಾರ್ಥನೆಗಳ ಉಳಿವು ಮತ್ತು ಬದಲಾವಣೆ: ಶ್ರೀರಂಗಪಟ್ಟಣ–ಪಾಲಹಳ್ಳಿ ಪರಿಸರದ ಕಥೋಲಿಕ ಪರಂಪರೆಯ ಹಿನ್ನೆಲೆಯಲ್ಲಿ

ಪೀಠಿಕೆ

ಕರ್ನಾಟಕದ ಕ್ರೈಸ್ತಧರ್ಮದ ಇತಿಹಾಸವನ್ನು ಕುರಿತ ಬರಹಗಳಲ್ಲಿ ಮಿಷನರಿಗಳ ಆಗಮನ, ಚರ್ಚುಗಳ ನಿರ್ಮಾಣ, ಶಾಲೆ-ಆಸ್ಪತ್ರೆಗಳ ಸ್ಥಾಪನೆ, ನಿಘಂಟು-ವ್ಯಾಕರಣಗಳ ರಚನೆ ಮೊದಲಾದ ವಿಷಯಗಳಿಗೆ ಪ್ರಾಶಸ್ತ್ಯ ದೊರೆತಿದೆ. ಆದರೆ ಸಾಮಾನ್ಯ ಭಕ್ತನು ದಿನವೂ ಹೇಳಿಕೊಂಡು ಬಂದಿರುವ ಪ್ರಾರ್ಥನೆಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸಿದವರು ವಿರಳ. ಪ್ರಾರ್ಥನೆ ಎಂಬುದು ಎಂದೆಂದಿಗೂ ಒಂದೇ ರೂಪದಲ್ಲಿರುವಂಥದು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ವಾಸ್ತವವಾಗಿ ಪ್ರಾರ್ಥನೆಗೂ ಚರಿತ್ರೆಯುಂಟು. ಅದು ಹುಟ್ಟುತ್ತದೆ, ಬೆಳೆಯುತ್ತದೆ, ಭಾಷೆಯಿಂದ ಭಾಷೆಗೆ ದಾಟುತ್ತದೆ, ಕೆಲವೊಮ್ಮೆ ಬಳಕೆ ತಪ್ಪಿ ಮರೆಯಾಗುತ್ತದೆ.

ಕಥೋಲಿಕ ಸಂಪ್ರದಾಯದಲ್ಲಿ ಪ್ರಾರ್ಥನೆಗಳು ಎರಡು ಬಗೆಯವು. ಗುರುಗಳ ನೇತೃತ್ವದಲ್ಲಿ ಚರ್ಚಿನ ಅಧಿಕೃತ ವಿಧಿಯಂತೆ ನಡೆಯುವ ಬಲಿಪೂಜೆ ಮತ್ತು ಸಂಸ್ಕಾರಗಳು ಒಂದು ಬಗೆ. ಜಪಸರ, ನವೇನ, ಶಿಲುಬೆಯ ಹಾದಿ, ಸಂತರ ಪ್ರಾರ್ಥನಾಮಾಲೆ ಮೊದಲಾಗಿ ಮನೆಯಲ್ಲಿಯೂ ಬೀದಿಯಲ್ಲಿಯೂ ಗುರುಗಳಿಲ್ಲದೆಯೇ ಹೇಳಬಹುದಾದವು ಇನ್ನೊಂದು ಬಗೆ. ಈ ಎರಡನೆಯ ಬಗೆಯನ್ನೇ ಇಲ್ಲಿ ಭಕ್ತಿಪ್ರಾರ್ಥನೆ ಎಂದು ಕರೆಯಲಾಗಿದೆ.

ಪ್ರಸ್ತುತ ಪ್ರಬಂಧದ ಅಧ್ಯಯನಕ್ಷೇತ್ರ ಕಾವೇರಿಯ ದಡದ ಶ್ರೀರಂಗಪಟ್ಟಣ ಹಾಗೂ ಅದರ ಪಶ್ಚಿಮಕ್ಕಿರುವ ಪಾಲಹಳ್ಳಿಯ ಪರಿಸರ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯಿಂದಾಗಿ ಪಾಲಹಳ್ಳಿಯ ಹೆಸರು ಹೊರನಾಡುಗಳಿಗೂ ತಲುಪಿತ್ತು. ಅದಕ್ಕೂ ಎರಡು ಶತಮಾನಗಳ ಹಿಂದೆಯೇ ಈ ಪರಿಸರದಲ್ಲಿ ಕನ್ನಡದ ಕಥೋಲಿಕ ಪ್ರಾರ್ಥನೆಗಳ ಚರಿತ್ರೆ ಆರಂಭವಾಗಿತ್ತು. ಈ ಚರಿತ್ರೆಯನ್ನು ಅವಲೋಕಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಧಾರ್ಮಿಕ ಸಂಸ್ಥೆ ದುರ್ಬಲವಾಗಿದ್ದ ಕಾಲದಲ್ಲಿ ಪ್ರಾರ್ಥನೆಗಳು ಜನರ ಬಾಯಲ್ಲಿ ಉಳಿದುಕೊಂಡವು. ಸಂಸ್ಥೆ ಬಲಗೊಂಡ ಕಾಲದಲ್ಲಿ ಅವು ಬದಲಾದವು. ಈ ಮಾತನ್ನು ಸಾಧಾರವಾಗಿ ನಿರೂಪಿಸುವುದೇ ಪ್ರಬಂಧದ ಉದ್ದೇಶ.

ಪ್ರಾರ್ಥನೆಗಳು ರೂಪುಗೊಂಡ ಬಗೆ

ಶ್ರೀರಂಗಪಟ್ಟಣಕ್ಕೆ ಬರುವ ಹೊತ್ತಿಗೆ ಕಥೋಲಿಕ ಪ್ರಾರ್ಥನೆಗಳು ದೀರ್ಘವಾದ ಬೆಳವಣಿಗೆಯನ್ನು ಕಂಡಿದ್ದವು. ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂಬ ಸೂಚನೆ ಆದಿಸಭೆಯ 'ದಿದಾಖೆ' ಎಂಬ ಗ್ರೀಕ್ ಕೃತಿಯಲ್ಲಿಯೇ ಇದೆ. ಆದರೆ ಇಂದು ಅಷ್ಟೇ ಪ್ರಚಲಿತವಾಗಿರುವ 'ನಮೋ ಮರಿಯ' ಪ್ರಾರ್ಥನೆ ಒಮ್ಮೆಗೇ ರಚಿತವಾದುದಲ್ಲ. ಅದರ ಪೂರ್ವಾರ್ಧ ಲೂಕನ ಶುಭಸಂದೇಶದ ಒಂದನೆಯ ಅಧ್ಯಾಯದ ಎರಡು ಮಾತುಗಳ ಜೋಡಣೆ: ಒಂದು ದೇವದೂತನ ವಂದನೆ, ಇನ್ನೊಂದು ಎಲಿಜಬೇತಳ ಹರಕೆ. ಇವೆರಡನ್ನು ಕೂಡಿಸಿ ಹೇಳುವ ರೂಢಿ ಪಶ್ಚಿಮ ಯುರೋಪಿನಲ್ಲಿ ಸುಮಾರು ಹನ್ನೊಂದನೆಯ ಶತಮಾನದಿಂದ ಬಲಗೊಂಡಿತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಷಪ್ ಓಡೋ ಅವರು ಜನಸಾಮಾನ್ಯರಿಗೆ ವಿಶ್ವಾಸ ಸಂಗ್ರಹ ಮತ್ತು ಯೇಸುವಿನ ಪ್ರಾರ್ಥನೆಯ ಜೊತೆಗೆ ಇದನ್ನೂ ಕಲಿಸಬೇಕೆಂದು ಗುರುಗಳಿಗೆ ವಿಧಿಸಿದರು. ಮರಣದ ಗಳಿಗೆಯಲ್ಲಿ ತಾಯಿಯ ನೆರವನ್ನು ಬೇಡುವ ಉತ್ತರಾರ್ಧ ಜನರ ಬಳಕೆಯಲ್ಲಿ ಮೆಲ್ಲಮೆಲ್ಲನೆ ಸೇರಿಕೊಂಡಿತು. ಐದನೆಯ ಪಿಯೂಸ್ ಪೋಪರು 1568ರಲ್ಲಿ ಹೊರಡಿಸಿದ ರೋಮನ್ ಬ್ರೆವಿಯರಿಯಲ್ಲಿ ಇಂದಿನ ಪೂರ್ಣರೂಪಕ್ಕೆ ಸ್ಥಾನ ದೊರೆಯಿತು. ಅಂದರೆ ಜನರ ಬಾಯಲ್ಲಿ ಬೆಳೆದುದನ್ನು ಸಂಸ್ಥೆ ಆಮೇಲೆ ಅಂಗೀಕರಿಸಿತು.

ಜಪಸರದ ಕಥೆಯೂ ಇಂಥದೇ. ಮಠಗಳಲ್ಲಿ ಓದುಬಲ್ಲ ಸಂನ್ಯಾಸಿಗಳು ನೂರೈವತ್ತು ಕೀರ್ತನೆಗಳನ್ನು ಪಠಿಸುತ್ತಿದ್ದರು. ಓದು ಬಾರದವರು ಅವಕ್ಕೆ ಬದಲಾಗಿ ಮಣಿಗಳನ್ನು ಎಣಿಸುತ್ತ ನೂರೈವತ್ತು ಬಾರಿ ತಮಗೆ ಬರುವ ಪ್ರಾರ್ಥನೆಯನ್ನು ಹೇಳತೊಡಗಿದರು. ಹದಿನೈದನೆಯ ಶತಮಾನದಲ್ಲಿ ಯೇಸುವಿನ ಜೀವನದ ಘಟನೆಗಳ ಧ್ಯಾನ ಇದರೊಡನೆ ಬೆರೆಯಿತು. 1475ರಲ್ಲಿ ಕೊಲೋನ್ ನಗರದಲ್ಲಿ ಸ್ಥಾಪಿತವಾದ ಜಪಸರದ ಭಕ್ತಸಂಘ ಇದರ ಪ್ರಸಾರಕ್ಕೆ ನೆರವಾಯಿತು. 1569ರಲ್ಲಿ ಪೋಪರ ಆಜ್ಞಾಪತ್ರವೊಂದು ಇದಕ್ಕೆ ಅಧಿಕೃತ ಮನ್ನಣೆಯನ್ನು ನೀಡಿತು. ಮರಿಯಮ್ಮನವರ ಬಿರುದುಗಳನ್ನು ಒಂದೊಂದಾಗಿ ಹೇಳುವ ಲೊರೆಟೊ ಪ್ರಾರ್ಥನಾಮಾಲೆ 1587ರಲ್ಲಿ ಮಾನ್ಯವಾಯಿತು. ಶಿಲುಬೆಯ ಹಾದಿಯ ಸ್ಥಾನಗಳ ಸಂಖ್ಯೆ ಹದಿನಾಲ್ಕೆಂದು ನಿಗದಿಯಾದದ್ದು 1731ರಷ್ಟು ಈಚೆಗೆ. ಆದ್ದರಿಂದ ಹದಿನೇಳನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಮಿಷನರಿಗಳು ತಂದ ಪ್ರಾರ್ಥನೆಗಳಲ್ಲಿ ಕೆಲವು ಬಹಳ ಪ್ರಾಚೀನವಾದವು, ಕೆಲವು ಅವರ ಅಜ್ಜಂದಿರ ಕಾಲದಲ್ಲಿ ಖಚಿತರೂಪ ಪಡೆದವು, ಮತ್ತೆ ಕೆಲವು ಇನ್ನೂ ರೂಪುಗೊಳ್ಳುತ್ತಿದ್ದವು.

ದಕ್ಷಿಣ ಭಾರತದ ಭಾಷೆಗಳಿಗೆ

1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್ ಅವರು ಮುತ್ತಿನ ಕರಾವಳಿಯ ಪರವರ ನಡುವೆ ಕೆಲಸ ಮಾಡುವಾಗ ಅನುಸರಿಸಿದ ಕ್ರಮ ಅವರ ಪತ್ರಗಳಿಂದ ತಿಳಿಯುತ್ತದೆ. ಎರಡೂ ಭಾಷೆ ಬಲ್ಲವರ ನೆರವಿನಿಂದ ಶಿಲುಬೆಯ ಗುರುತು, ವಿಶ್ವಾಸ ಸಂಗ್ರಹ, ಹತ್ತು ಕಟ್ಟಳೆಗಳು, ಯೇಸುವಿನ ಪ್ರಾರ್ಥನೆ, ನಮೋ ಮರಿಯ ಇವುಗಳನ್ನು ತಮಿಳಿಗೆ ಮಾಡಿಸಿಕೊಂಡು ತಾವೇ ಬಾಯಿಪಾಠ ಮಾಡಿದರು. ಗಂಟೆ ಬಾರಿಸಿ ಮಕ್ಕಳನ್ನೂ ದೊಡ್ಡವರನ್ನೂ ಕೂಡಿಸಿ ಹೇಳಿಕೊಟ್ಟರು. ಮಕ್ಕಳು ಅದನ್ನು ಮನೆಯವರಿಗೂ ನೆರೆಯವರಿಗೂ ಕಲಿಸಬೇಕೆಂದು ತಾಕೀತು ಮಾಡಿದರು. ಈ ಮೌಖಿಕ ವಿಧಾನವೇ ಮುಂದೆ ಎಲ್ಲ ಮಿಷನ್‌ಗಳಿಗೂ ಮಾದರಿಯಾಯಿತು. ಹೆನ್ರಿಕ್ ಹೆನ್ರಿಕ್ಸ್ ಅವರು ಸಿದ್ಧಪಡಿಸಿದ 'ತಂಬಿರಾನ್ ವಣಕ್ಕಂ' 1578ರಲ್ಲಿ ಕೊಲ್ಲಂನಲ್ಲಿ ಅಚ್ಚಾಯಿತು. ತಮಿಳು ಲಿಪಿಯಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಮುದ್ರಿತ ಪುಸ್ತಿಕೆಗಳಲ್ಲಿ ಒಂದಾದ ಇದು ಪ್ರಾರ್ಥನೆ ಮತ್ತು ಧರ್ಮೋಪದೇಶದ ಪುಸ್ತಿಕೆಯೇ ಆಗಿರುವುದು ಗಮನಾರ್ಹ. ಪಶ್ಚಿಮ ಕರಾವಳಿಯಲ್ಲಿ ಥಾಮಸ್ ಸ್ಟೀಫನ್ಸ್ ಅವರ ಕೊಂಕಣಿ ಧರ್ಮೋಪದೇಶ 1622ರಲ್ಲಿ ಪ್ರಕಟವಾಯಿತು.

ಈ ಎರಡು ಧಾರೆಗಳ ನಡುವೆ ಮೈಸೂರು ಮಿಷನ್ ಜನ್ಮತಾಳಿತು. ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಮಿ ಅವರು 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ರಾಜಧಾನಿಯಾದ ಶ್ರೀರಂಗಪಟ್ಟಣದಲ್ಲಿ ಮಿಷನ್ನನ್ನು ಸ್ಥಾಪಿಸಿದರು. ಮಧುರೆಯಲ್ಲಿ 1606ರಿಂದ ರಾಬರ್ಟ್ ಡಿ ನೊಬಿಲಿ ಅವರು ಅನುಸರಿಸಿದಂತೆ ಇವರೂ ಸಂನ್ಯಾಸಿಯ ಉಡುಗೆಯಲ್ಲಿ, ದೇಶೀಯ ಆಹಾರಕ್ರಮದಲ್ಲಿ ಬಾಳಿದರು. ಕನ್ನಡದಲ್ಲಿ ವ್ಯಾಕರಣ, ಶಬ್ದಕೋಶ, ಧರ್ಮೋಪದೇಶ, ಸಂತರ ಚರಿತ್ರೆಗಳನ್ನು ಅವರು ರಚಿಸಿದರೆಂದು ಜೆಸ್ವಿಟ್ ದಾಖಲೆಗಳು ಹೇಳುತ್ತವೆ. ಅಂದಿನ ಧರ್ಮೋಪದೇಶವೆಂದರೆ ಪ್ರಶ್ನೋತ್ತರಗಳ ಜೊತೆಗೆ ನಿತ್ಯಪ್ರಾರ್ಥನೆಗಳನ್ನೂ ಒಳಗೊಂಡ ಪಾಠ. ಆದ್ದರಿಂದ ಒಳನಾಡಿನ ಕನ್ನಡದಲ್ಲಿ ಕಥೋಲಿಕ ಪ್ರಾರ್ಥನೆ ರೂಪುಗೊಂಡ ನೆಲೆಗಳಲ್ಲಿ ಶ್ರೀರಂಗಪಟ್ಟಣ ಪರಿಸರಕ್ಕೆ ಅಗ್ರಸ್ಥಾನವಿದೆ.

ಪದಗಳಲ್ಲಿ ಅಡಗಿದ ಚರಿತ್ರೆ

ಶಾಸನಗಳಿಲ್ಲದ ಕಡೆ ಭಾಷೆಯೇ ಶಾಸನವಾಗುತ್ತದೆ. ಕಥೋಲಿಕ ಪ್ರಾರ್ಥನೆಗಳ ಶಬ್ದಸಂಪತ್ತನ್ನು ಪರಿಶೀಲಿಸಿದರೆ ಹಲವು ಕಾಲದ ಪದರುಗಳು ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಕರಾವಳಿಯ ಆರಂಭದ ಅನುವಾದಗಳಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗುತ್ತಿತ್ತು. ತಮಿಳಿನಲ್ಲಿ ಪವಿತ್ರಾತ್ಮನನ್ನು 'ಇಸ್ಪಿರಿತು ಸಾಂತು' ಎಂದು ಕರೆದದ್ದು ಈ ಹಂತದ ಉಳಿಕೆ. ನೊಬಿಲಿಯವರ ಕಾಲದಿಂದ ಸಂಸ್ಕೃತಮೂಲದ ಪದಗಳಿಗೆ ಪ್ರಾಧಾನ್ಯ ಬಂದಿತು. ದೇವರಿಗೆ 'ಸರ್ವೇಶ್ವರ', ಮಿಸ್ಸಾ ಎಂಬುದಕ್ಕೆ 'ಪೂಜೆ', ಬ್ಯಾಪ್ಟಿಸಂಗೆ 'ಜ್ಞಾನಸ್ನಾನ' ಇವು ಈ ಎರಡನೆಯ ಪದರಿನ ಪದಗಳು. ಹಳೆಯ ಕನ್ನಡ ಕಥೋಲಿಕ ಪುಸ್ತಕಗಳಲ್ಲಿ ಸಂತರ ಹೆಸರಿನ ಹಿಂದೆ ಬರುವ 'ಅರ್ಚಶಿಷ್ಟ' ಎಂಬ ವಿಶೇಷಣವೂ ತಮಿಳಿನೊಡನೆ ಹಂಚಿಕೊಂಡದ್ದು. ಇಂದಿನ ಪ್ರಾರ್ಥನೆಗಳಲ್ಲಿ ಅದರ ಸ್ಥಾನವನ್ನು 'ಸಂತ' ಎಂಬ ಪದ ಆಕ್ರಮಿಸಿದೆ. ಆದರೆ 'ಸರ್ವೇಶ್ವರ' ಮಾತ್ರ ಅಳಿಯಲಿಲ್ಲ. ಕಥೋಲಿಕರು ಈಗ ಬಳಸುವ ಕನ್ನಡ ಬೈಬಲ್ ಅನುವಾದದಲ್ಲಿಯೂ ಅದು ನೆಲೆನಿಂತಿದೆ.

ಕೃಪೆ ಎಂಬರ್ಥದ 'ವರಪ್ರಸಾದ', ಬಲಿಪೂಜೆಯಲ್ಲಿ ಸ್ವೀಕರಿಸುವ 'ಪರಮಪ್ರಸಾದ', ಮಣಿಮಾಲೆಗೆ 'ಜಪಸರ', ಲ್ಯಾಟಿನ್ 'ಆವೆ' ಎಂಬುದಕ್ಕೆ 'ನಮೋ' ಎಂಬ ಪದಗಳು ಕನ್ನಡ ನಾಡಿನ ಭಕ್ತಿಪರಿಸರದಿಂದಲೇ ಬಂದವು. ಜಪ, ಪ್ರಸಾದ, ನಮಸ್ಕಾರಗಳ ಅರ್ಥವನ್ನು ಇಲ್ಲಿಯ ರೈತಾಪಿ ಜನರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೊಸ ಧರ್ಮದ ಪ್ರಾರ್ಥನೆ ಹಳೆಯ ಪದಗಳಲ್ಲಿ ಬಂದುದರಿಂದ ಅದು ಕಿವಿಗೆ ಅಪರಿಚಿತವೆನಿಸಲಿಲ್ಲ.

ಸಂಬೋಧನೆಯ ಕ್ರಮವೂ ಪರಿಶೀಲನಾರ್ಹ. ವಚನಕಾರರೂ ಹರಿದಾಸರೂ ದೇವರನ್ನು ಸಾಮಾನ್ಯವಾಗಿ ಏಕವಚನದಲ್ಲಿ ಕರೆದರು. ಪ್ರಾಟೆಸ್ಟೆಂಟರ ಕನ್ನಡ ಬೈಬಲ್ ಸಹ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ತಂದೆಯನ್ನು 'ನಿನ್ನ' ಎಂದೇ ಸಂಬೋಧಿಸುತ್ತದೆ. ಕಥೋಲಿಕ ಪಾಠದಲ್ಲಿ ಅದೇ ಸ್ಥಾನದಲ್ಲಿ 'ನಿಮ್ಮ' ಎಂಬ ಗೌರವಬಹುವಚನವಿದೆ. ಮರಿಯಮ್ಮನನ್ನೂ 'ಮರಿಯಮ್ಮನವರು' ಎಂದೇ ಕರೆಯುವುದು ರೂಢಿ. ಒಂದೇ ಮೂಲದ ಪ್ರಾರ್ಥನೆ ಒಂದೇ ಭಾಷೆಯಲ್ಲಿ ಎರಡು ಬಗೆಯ ಭಕ್ತಿಸಂಬಂಧವನ್ನು ಸೂಚಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಒಂದು ಕಡೆ ಆಪ್ತತೆಯ ಸಲುಗೆ, ಇನ್ನೊಂದು ಕಡೆ ಹಿರಿಯರ ಮುಂದೆ ನಿಂತ ಮಗುವಿನ ವಿನಯ. ಎರಡಕ್ಕೂ ಕನ್ನಡದ ಮನೆಮಾತಿನಲ್ಲಿ ಆಧಾರವಿದೆ.

ಗುರುಗಳಿಲ್ಲದ ಕಾಲ

ಹದಿನೆಂಟನೆಯ ಶತಮಾನ ಈ ಮಿಷನ್ನಿಗೆ ಕಷ್ಟದ ಕಾಲ. ದೇಶೀಯ ಆಚಾರಗಳನ್ನು ಕುರಿತ ವಿವಾದದಲ್ಲಿ 1704ರಲ್ಲಿ ಪುದುಚೇರಿಯಲ್ಲಿ ಹೊರಟ ಆಜ್ಞೆ ಮತ್ತು 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ನೀಡಿದ ತೀರ್ಪು ಮಿಷನರಿಗಳ ಕೈಗಳನ್ನು ಕಟ್ಟಿಹಾಕಿದವು. 1773ರಲ್ಲಿ ಜೆಸ್ವಿಟ್ ಸಂಘವೇ ವಿಸರ್ಜನೆಗೊಂಡಿತು. ಹೊಸ ಗುರುಗಳು ಬರುವುದು ನಿಂತಿತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕೊಂಕಣಿ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಸಮುದಾಯದ ಬಹುಭಾಗ ಚರ್ಚು, ಗುರುಗಳು, ಗ್ರಂಥಗಳಿಂದ ದೂರವಾಗಿ ಹದಿನೈದು ವರ್ಷ ಕಳೆಯಬೇಕಾಯಿತೆಂಬುದು ನಿರ್ವಿವಾದ.

ಗುರುಗಳಿಲ್ಲದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಕಥೋಲಿಕ ಧರ್ಮದ ಸಂಸ್ಕಾರಗಳಲ್ಲಿ ಹೆಚ್ಚಿನವು ಅಭಿಷಿಕ್ತರ ಕೈಯನ್ನು ಅವಲಂಬಿಸಿವೆ. ಆದರೆ ಜಪಸರಕ್ಕೆ ಯಾರ ಅಪ್ಪಣೆಯೂ ಬೇಡ. ಮಣಿಗಳಿಲ್ಲದಿದ್ದರೆ ಹತ್ತು ಬೆರಳುಗಳೇ ಸಾಕು. ತುಟಿ ಅಲುಗದಂತೆಯೂ ಅದನ್ನು ಹೇಳಬಹುದು. ಸೆರೆಯಲ್ಲಿ, ವಲಸೆಯಲ್ಲಿ, ಭಯದಲ್ಲಿ ಉಳಿಯಬಲ್ಲ ಧರ್ಮದ ಅಂಶ ಇದೊಂದೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಬಳಿಕ, ಕರ್ನಲ್ ವೆಲ್ಲೆಸ್ಲಿಯ ಸಲಹೆಯಂತೆ ಬಂದ ಫ್ರೆಂಚ್ ಗುರು ಅಬ್ಬೆ ದುಬಾಯ್ ಅವರು ಚದುರಿಹೋದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು. ಹಾಗೆ ಒಂದುಗೂಡಲು ಒಂದು ಸಮುದಾಯ ಉಳಿದಿತ್ತೆಂಬುದೇ ಮುಖ್ಯವಾದ ಮಾತು. ಅದನ್ನು ಉಳಿಸಿದವರು ಗುರುಗಳಲ್ಲ, ಮನೆಮಂದಿ ಮತ್ತು ಉಪದೇಶಿಗಳು.

ಇದೇ ಬಗೆಯ ಸನ್ನಿವೇಶವನ್ನು ಜಪಾನಿನ ಚರಿತ್ರೆಯಲ್ಲಿಯೂ ನೋಡಬಹುದು. ಅಲ್ಲಿ 1614ರಲ್ಲಿ ಕ್ರೈಸ್ತಧರ್ಮ ನಿಷೇಧಕ್ಕೊಳಗಾಯಿತು. ನಾಗಸಾಕಿ ಪ್ರದೇಶದ ಗುಪ್ತಕ್ರೈಸ್ತರು ಸುಮಾರು ಎರಡೂವರೆ ಶತಮಾನ ಗುರುಗಳಿಲ್ಲದೆ 'ಒರಾಶೊ' ಎಂಬ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ಸಾಗಿಸಿದರು. ಲ್ಯಾಟಿನ್ 'ಒರಾಸಿಯೊ' ಎಂಬ ಪದವೇ ಹೀಗೆ ರೂಪಾಂತರ ಹೊಂದಿತ್ತು. 1865ರಲ್ಲಿ ಫ್ರೆಂಚ್ ಗುರುಗಳಿಗೆ ಅವರ ಪರಿಚಯವಾದಾಗ ಉಚ್ಚಾರ ಮಾಸಿತ್ತು, ಹಲವೆಡೆ ಅರ್ಥ ಮರೆತಿತ್ತು, ಆದರೆ ಪ್ರಾರ್ಥನೆ ಉಳಿದಿತ್ತು. ಮೌಖಿಕ ಪರಂಪರೆಯಲ್ಲಿ ಬದಲಾವಣೆಯೇ ಇಲ್ಲವೆಂದಲ್ಲ. ಅಲ್ಲಿ ಆಗುವ ಬದಲಾವಣೆ ಸವೆತ, ಉದ್ದೇಶಪೂರ್ವಕವಾದ ತಿದ್ದುಪಡಿಯಲ್ಲ. ಈ ವ್ಯತ್ಯಾಸವನ್ನು ಸಂಶೋಧಕರು ಗಮನದಲ್ಲಿಟ್ಟುಕೊಳ್ಳಬೇಕು.

ದೊಡ್ಡಸ್ವಾಮಿಯವರ ಮುಜುಗರ

ಜನರು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದ ಅಬ್ಬೆ ದುಬಾಯ್ ಅವರು 1823ರವರೆಗೆ ಈ ಸೀಮೆಯಲ್ಲಿದ್ದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥದ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ನಮ್ಮ ವಿಷಯಕ್ಕೆ ಹೆಚ್ಚು ಉಪಯುಕ್ತವಾದದ್ದು 1823ರಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು. ದೇಶೀಯ ಕ್ರೈಸ್ತರು ರಾತ್ರಿಯ ವೇಳೆ ಸಂತರ ಪ್ರತಿಮೆಗಳನ್ನು ಹೂಮಾಲೆಗಳಿಂದ ಸಿಂಗರಿಸಿದ ತೇರಿನಲ್ಲಿರಿಸಿ, ತಮಟೆ-ಕಹಳೆಗಳ ಅಬ್ಬರದೊಡನೆ ಮೆರವಣಿಗೆ ಮಾಡುವುದನ್ನು ಅವರು ಅಲ್ಲಿ ವರ್ಣಿಸಿ, ಅದು ತಮಗೆ ನಾಚಿಕೆಯ ವಿಷಯವೆಂದು ಬರೆದಿದ್ದಾರೆ.

ಎರಡು ಶತಮಾನಗಳ ಬಳಿಕ ನೋಡಿದಾಗ ದುಬಾಯ್ ಅವರ ಅಸಮಾಧಾನವೇ ಅಮೂಲ್ಯವಾದ ದಾಖಲೆಯಾಗಿದೆ. ಗುರುಗಳು ಒಪ್ಪದಿದ್ದರೂ ಜನರ ಭಕ್ತಿ ತನ್ನ ದಾರಿಯಲ್ಲಿಯೇ ನಡೆಯಿತು. ಹಳೆಯ ಮೈಸೂರು ಸೀಮೆಯ ಕಥೋಲಿಕ ಹಬ್ಬಗಳಲ್ಲಿ ಧ್ವಜಾರೋಹಣ, ಒಂಬತ್ತು ದಿನಗಳ ನವೇನ, ತೇರಿನ ಮೆರವಣಿಗೆ ಇಂದಿಗೂ ತಪ್ಪದೆ ನಡೆಯುತ್ತವೆ. ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬಕ್ಕೆ ಮತಭೇದವಿಲ್ಲದೆ ಜನ ಸೇರುತ್ತಾರೆ. ಹರಕೆ ಹೊರುವುದು, ಹರಕೆ ಒಪ್ಪಿಸುವುದು ಈ ನೆಲದ ಎಲ್ಲ ಭಕ್ತರಿಗೂ ಸಮಾನವಾದ ಭಾಷೆ.

ಅಚ್ಚಿನ ಮೊಳೆ ಮತ್ತು ಏಕರೂಪತೆ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸಂಸ್ಥೆ ಮತ್ತೆ ಬಲಗೊಂಡಿತು. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಗುರುಗಳು ಈ ಪ್ರದೇಶದ ಹೊಣೆ ಹೊತ್ತಿದ್ದರು. 1844ರಲ್ಲಿ ಪುದುಚೇರಿಯಲ್ಲಿ ನಡೆದ ಧರ್ಮಸಭೆ ಸ್ಥಳೀಯ ಗುರುಗಳ ತರಬೇತಿ ಮತ್ತು ಶಿಕ್ಷಣಕ್ಕೆ ಒತ್ತುಕೊಟ್ಟಿತು. ಮರುವರ್ಷವೇ ಮೈಸೂರು ಪ್ರತ್ಯೇಕ ಆಡಳಿತಕ್ಕೆ ಒಳಪಟ್ಟು, 1850ರಲ್ಲಿ ಅಪೊಸ್ತಲಿಕ ವಿಕಾರಿಯೇಟ್ ಆಯಿತು. ಅದರ ಮುಖ್ಯಸ್ಥರಾದ ಬಿಷಪ್ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನಲ್ಲಿ ಮಿಷನ್ನಿನ ಅಚ್ಚುಕೂಟ ಕೆಲಸ ಮಾಡತೊಡಗಿತು. 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಬೆಂಗಳೂರಿನಲ್ಲಿಯೇ ಹೊರಬಂದವು. ಲ್ಯಾಟಿನ್ ಪಾಠಗಳಿಗೆ ಕನ್ನಡದಲ್ಲಿ ನಿಶ್ಚಿತವಾದ ಪರ್ಯಾಯಪದಗಳನ್ನು ಒದಗಿಸುವ ಕಾರ್ಯಕ್ಕೆ ಇವು ತಳಹದಿಯಾದವು.

ಅಚ್ಚಾದ ಪಾಠ ಅಧಿಕೃತ ಪಾಠವಾಗುತ್ತದೆ; ಅದರಿಂದ ಭಿನ್ನವಾದದ್ದು ತಪ್ಪಾಗುತ್ತದೆ. ಬೇರೆ ಬೇರೆ ಊರುಗಳಲ್ಲಿ ಉಪದೇಶಿಗಳು ಹೇಳಿಕೊಡುತ್ತಿದ್ದ ಪಾಠಾಂತರಗಳು ಮುದ್ರಣದ ಮುಂದೆ ಸೊರಗುವುದು ಸಹಜ. ಇದೇ ಅವಧಿಯಲ್ಲಿ ರೋಮಿನಿಂದಲೂ ಹೊಸ ಭಕ್ತಿಗಳು ಹರಿದುಬಂದವು. ಹದಿಮೂರನೆಯ ಲಿಯೋ ಪೋಪರು 1883ರಲ್ಲಿ ಅಕ್ಟೋಬರ್ ತಿಂಗಳನ್ನು ಜಪಸರಕ್ಕೆ ಮೀಸಲಿಟ್ಟರು. 1880ರ ದಶಕದಲ್ಲಿಯೇ ಕಿರುಪೂಜೆಯ ಕೊನೆಗೆ ಮೊಣಕಾಲೂರಿ ಹೇಳಬೇಕಾದ ಪ್ರಾರ್ಥನೆಗಳನ್ನು ಜಗತ್ತಿಗೆಲ್ಲ ವಿಧಿಸಿದರು. ಈ ಪ್ರಾರ್ಥನೆಗಳ ವಿಧಿ 1960ರ ದಶಕದ ಸುಧಾರಣೆಯಲ್ಲಿ ರದ್ದಾಯಿತು. ಎಂಬತ್ತು ವರ್ಷ ಕೋಟ್ಯಂತರ ಜನ ದಿನವೂ ಹೇಳಿದ ಪ್ರಾರ್ಥನೆಗಳು ಪೂಜೆಯಿಂದ ಕೈಬಿಟ್ಟುಹೋಗಲು ಒಂದು ಆಜ್ಞೆ ಸಾಕಾಯಿತು.

ಮೈಸೂರಿನ ಸಂತ ಫಿಲೋಮಿನಾ

ಆಜ್ಞೆಗೂ ಭಕ್ತಿಗೂ ಇರುವ ಅಂತರವನ್ನು ತೋರಿಸುವ ಉದಾಹರಣೆ ಪಾಲಹಳ್ಳಿಯಿಂದ ದೂರವಿಲ್ಲದ ಮೈಸೂರಿನಲ್ಲಿಯೇ ಇದೆ. 1802ರಲ್ಲಿ ರೋಮಿನ ಭೂಗತ ಸಮಾಧಿಗಳಲ್ಲಿ ದೊರೆತ ಅಸ್ಥಿಗಳು ಹಾಗೂ ಒಂದು ಬರಹದ ಆಧಾರದಿಂದ ಸಂತ ಫಿಲೋಮಿನಾ ಅವರ ಭಕ್ತಿ ಯುರೋಪಿನಲ್ಲಿ ಹರಡಿತು. ಮೈಸೂರಿನ ರಾಜಸೇವೆಯಲ್ಲಿದ್ದ ಟಿ.ಆರ್.ಎ. ತಂಬುಚೆಟ್ಟಿಯವರ 1926ರ ಪ್ರಯತ್ನದಿಂದ ಆಕೆಯ ಅವಶೇಷದ ಭಾಗವೊಂದು ಮೈಸೂರಿಗೆ ಬಂದಿತು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಚರ್ಚಿಗೆ ಅಡಿಗಲ್ಲು ಇಟ್ಟರು. 1961ರಲ್ಲಿ ರೋಮಿನ ವಿಧಿಸಂಬಂಧೀ ಪೀಠ ಐತಿಹಾಸಿಕ ಆಧಾರಗಳ ಕೊರತೆಯಿಂದಾಗಿ ಆಕೆಯ ಹಬ್ಬವನ್ನು ಪಂಚಾಂಗಗಳಿಂದ ತೆಗೆಯಬೇಕೆಂದು ಆದೇಶಿಸಿತು. ಪಂಚಾಂಗದಿಂದ ಹೆಸರು ಹೋಯಿತು. ಮೈಸೂರಿನ ಜನರ ಬಾಯಿಂದ ಹೋಗಲಿಲ್ಲ. ಸಂತ ಜೋಸೆಫರ ಹೆಸರೂ ಈ ಪ್ರಧಾನಾಲಯಕ್ಕಿದೆ. ಆದರೂ ಅದು ಇಂದಿಗೂ ನಾಡಿಗೆಲ್ಲ ಸಂತ ಫಿಲೋಮಿನಾ ಚರ್ಚು.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿ ಜನರ ಭಾಷೆಗಳಿಗೆ ಬಾಗಿಲು ತೆರೆಯಿತು. ಅದುವರೆಗೆ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಪೀಠದ ಬಳಿ ಗುರುಗಳು ಲ್ಯಾಟಿನ್ನಿನಲ್ಲಿ ಪೂಜೆ ಅರ್ಪಿಸುತ್ತಿದ್ದಾಗ ಜನರು ತಮ್ಮ ಭಾಷೆಯಲ್ಲಿ ಜಪಸರ ಹೇಳಿಕೊಳ್ಳುವುದು ಲೋಕದ ಎಲ್ಲೆಡೆಯೂ ಇದ್ದ ರೂಢಿ. ಭಕ್ತಿಪ್ರಾರ್ಥನೆಯೇ ಜನರ ಪಾಲಿನ ಪೂಜೆಯಾಗಿತ್ತು. ಪೂಜೆಯೇ ಕನ್ನಡದಲ್ಲಿ ನಡೆಯತೊಡಗಿದಾಗ ಈ ವ್ಯವಸ್ಥೆ ಬದಲಾಯಿತು. 1974ರಲ್ಲಿ ಆರನೆಯ ಪೌಲ್ ಪೋಪರು ಪೂಜೆಯ ನಡುವೆ ಜಪಸರ ಹೇಳುವುದು ತಪ್ಪೆಂದು ಸ್ಪಷ್ಟಪಡಿಸಿದರು. ಜಪಸರ ಪೂಜೆಗೆ ಮುಂಚಿನ ಸಮಯಕ್ಕೂ ಮನೆಯ ಸಂಜೆಗೂ ಸರಿಯಿತು. ಕನ್ನಡಕ್ಕೆ ಹೊಸ ಸ್ಥಾನ ದೊರೆತ ಗಳಿಗೆಯಲ್ಲಿಯೇ ಹಳೆಯ ಕನ್ನಡ ಪ್ರಾರ್ಥನೆಗಳು ತಮ್ಮ ಸ್ಥಾನ ಕಳೆದುಕೊಂಡದ್ದು ಈ ಚರಿತ್ರೆಯ ವೈಚಿತ್ರ್ಯ.

ಸುಧಾರಣೆಯಿಂದ ಬಂದ ಲಾಭ ಸಣ್ಣದಲ್ಲ. ತಮಿಳು, ಕೊಂಕಣಿ, ಲ್ಯಾಟಿನ್‌ಗಳ ನೆರಳಿನಲ್ಲಿದ್ದ ಕನ್ನಡ ಆರಾಧನೆಯ ಭಾಷೆಯಾಗಿ ಎದ್ದುನಿಂತಿತು. 1969ರಲ್ಲಿ ಭಾರತದ ಆರಾಧನೆಗಾಗಿ ರೋಮ್ ಅನುಮೋದಿಸಿದ ಹನ್ನೆರಡು ಅಂಶಗಳಲ್ಲಿ ಆರತಿ, ಅಂಜಲಿ, ಪಂಚಾಂಗಪ್ರಣಾಮಗಳು ಸೇರಿದ್ದವು. 1744ರಲ್ಲಿ ಶಂಕೆಗೆ ಒಳಗಾಗಿದ್ದ ದೇಶೀಯತೆ ಇನ್ನೂರಿಪ್ಪತ್ತೈದು ವರ್ಷಗಳ ಬಳಿಕ ಪೀಠದ ಮುಂದೆ ಬಂದಿತು.

ಬದಲಾವಣೆ ಅಲ್ಲಿಗೆ ನಿಲ್ಲಲಿಲ್ಲ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಪುಣ್ಯಕ್ಷೇತ್ರ 1971ರಿಂದ ಬೆಳೆದು, ಗುರುವಾರದ ನವೇನಗಳಿಗೆ ಹಳ್ಳಿಪಟ್ಟಣಗಳ ಭಕ್ತರನ್ನು ಸೆಳೆಯಿತು. 2002ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ಜಪಸರಕ್ಕೆ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ನೂರೈವತ್ತು ಕೀರ್ತನೆಗಳ ಹಳೆಯ ಲೆಕ್ಕ ಅಲ್ಲಿಗೆ ಮುರಿಯಿತು. 2020ರ ಜೂನ್ ತಿಂಗಳಲ್ಲಿ ಲೊರೆಟೊ ಪ್ರಾರ್ಥನಾಮಾಲೆಗೆ ಮೂರು ಹೊಸ ಬಿರುದುಗಳು ಸೇರಿದವು. ಅವುಗಳಲ್ಲಿ ಒಂದು ವಲಸಿಗರಿಗೆ ಸಾಂತ್ವನವಾದ ತಾಯಿಯನ್ನು ಕುರಿತದ್ದು. ಯೇಸು ಕಲಿಸಿದ ಪ್ರಾರ್ಥನೆಯ ಪಾಠವೂ ತಿದ್ದುಪಡಿಗೆ ಹೊರತಾಗಲಿಲ್ಲ. ಫ್ರಾನ್ಸಿನಲ್ಲಿ 2017ರಿಂದ, ಇಟಲಿಯಲ್ಲಿ 2020ರಿಂದ, ದೇವರೇ ಮನುಷ್ಯನನ್ನು ಪ್ರಲೋಭನೆಗೆ ಒಯ್ಯುತ್ತಾನೆಂಬ ಅರ್ಥ ಬಾರದಂತೆ ಒಂದು ವಾಕ್ಯವನ್ನು ಬದಲಿಸಲಾಯಿತು. ಕನ್ನಡ ಪಾಠ ಬಳಸುವ 'ಶೋಧನೆ' ಎಂಬ ಪದ ಆಮಿಷಕ್ಕಿಂತ ಹೆಚ್ಚಾಗಿ ಪರೀಕ್ಷೆಯ ಅರ್ಥವನ್ನು ಕೊಡುತ್ತದೆ. ಯುರೋಪು ಇಪ್ಪತ್ತೊಂದನೆಯ ಶತಮಾನದಲ್ಲಿ ಎದುರಿಸಿದ ತೊಡಕನ್ನು ಕನ್ನಡ ಅನುವಾದಕರ ಪದದ ಆಯ್ಕೆ ಬಹುಮಟ್ಟಿಗೆ ಸಡಿಲಿಸಿತ್ತು.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಕಥೋಲಿಕ ಭಕ್ತಿಪ್ರಾರ್ಥನೆಗಳು ಬದಲಾಗದೆ ಬಂದ ಪರಂಪರೆ ಎಂಬ ಮಾತೂ, ಹೊರಗಿನಿಂದ ತಂದು ಹೇರಿದ ಪಾಠಗಳೆಂಬ ಮಾತೂ ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಅವುಗಳ ಮೂಲ ಪ್ಯಾಲೆಸ್ತೀನ್ ಮತ್ತು ಯುರೋಪಿನದು. ಅವುಗಳ ಶಬ್ದ, ಸಂಬೋಧನೆ, ಆಚರಣೆಗಳ ಬಹುಭಾಗ ಈ ನೆಲದ್ದು. ಎರಡನೆಯದಾಗಿ, ಸಂಸ್ಥೆ ಕೈಬಿಟ್ಟಾಗ ಪ್ರಾರ್ಥನೆಗಳನ್ನು ಕಾಪಾಡಿದವರು ಓದು ಬಾರದ ಸಾಮಾನ್ಯರು. ಸಂಸ್ಥೆ ಸುಧಾರಣೆಗೆ ಹೊರಟಾಗಲೆಲ್ಲ ಅವರು ಕಾಪಾಡಿದ ಪಾಠ ಹಿಂದೆ ಸರಿಯಿತು. ಸುಧಾರಣೆ ಬೇಡವೆಂದು ಇದರ ಅರ್ಥವಲ್ಲ. ಪ್ರತಿಯೊಂದು ಹೊಸ ಪಾಠವೂ ಹಳೆಯದರ ಮೇಲೆ ಬರೆದ ಬರಹ. ಕೆಳಗಿನ ಬರಹ ಅಳಿಯುವ ಮುನ್ನ ಅದನ್ನು ದಾಖಲಿಸುವ ಹೊಣೆ ಸಂಶೋಧಕರದು.

ಪ್ರಾರ್ಥನಾಪುಸ್ತಕದ ದುರದೃಷ್ಟವೆಂದರೆ ಅದು ದಿನನಿತ್ಯ ಬಳಕೆಯಾಗುವುದು. ಹಾಳೆ ಹರಿದಾಗ ಎಸೆಯುತ್ತಾರೆ, ಹೊಸ ಮುದ್ರಣ ಬಂದಾಗ ಹಳೆಯದನ್ನು ಬಿಡುತ್ತಾರೆ, ಸತ್ತವರ ಕೈಯಲ್ಲಿಟ್ಟು ಸಮಾಧಿ ಮಾಡುವುದೂ ಉಂಟು. ನಿಘಂಟು, ವ್ಯಾಕರಣಗಳಿಗೆ ಗ್ರಂಥಾಲಯದ ಕಪಾಟಿನಲ್ಲಿ ಸ್ಥಳವಿದೆ. ಜೇಬಿನ ಗಾತ್ರದ ಜಪದ ಪುಸ್ತಕಕ್ಕೆ ಇಲ್ಲ. ಶ್ರೀರಂಗಪಟ್ಟಣ, ಗಂಜಾಂ, ಪಾಲಹಳ್ಳಿ, ಡೋರ್ನಹಳ್ಳಿ, ಹಾಸನದ ಬಳಿಯ ಶೆಟ್ಟಿಹಳ್ಳಿ, ಸಾಥಳ್ಳಿ ಮೊದಲಾದ ಊರುಗಳ ಮನೆಗಳಲ್ಲಿರಬಹುದಾದ ಹಳೆಯ ಮುದ್ರಣಗಳನ್ನೂ ಕೈಬರಹದ ಪುಸ್ತಕಗಳನ್ನೂ ಸಂಗ್ರಹಿಸಿ, ಹಿರಿಯರ ಬಾಯಲ್ಲಿರುವ ಪಾಠಗಳನ್ನು ಧ್ವನಿಮುದ್ರಿಸಿ, ಪಾಠಾಂತರಗಳೊಡನೆ ಸಂಪಾದಿಸುವ ಕಾರ್ಯ ಆಗಬೇಕಾಗಿದೆ. ವಚನಗಳಿಗೆ, ಕೀರ್ತನೆಗಳಿಗೆ, ಜನಪದ ಗೀತೆಗಳಿಗೆ ಕನ್ನಡದ ವಿದ್ವಾಂಸರು ಸಲ್ಲಿಸಿದ ಪಾಠಶೋಧನೆಯ ಶ್ರಮ ಈ ಪ್ರಾರ್ಥನೆಗಳಿಗೂ ಸಲ್ಲಬೇಕು. ಇವೂ ಮೂರೂವರೆ ಶತಮಾನಗಳಿಗೂ ಮಿಕ್ಕ ಕಾಲದಿಂದ ಕನ್ನಡಿಗರು ದೇವರೊಡನೆ ಆಡುತ್ತ ಬಂದಿರುವ ಮಾತುಗಳೇ ಆಗಿವೆ.